ಕಡಿಮೆ ಕಂದಾಯದ ಊರು ಒಳ್ಳೆಯ ಊರೇ?

(ದುಡಿಯುವವರ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಮನೆಕಂದಾಯದ ಚೀಟಿ ಬಂದ ದಿನ ಚಹದ ಅಂಗಡಿಯಲ್ಲಿ ಕುಳಿತರೆ ಒಂದೇ ಮಾತು ಕೇಳಿಬರುತ್ತದೆ: "ಪಕ್ಕದ ಊರಿನಲ್ಲಿ ಕಂದಾಯ ಇಷ್ಟಿಲ್ಲ. ನಮ್ಮ ಪುರಸಭೆಯವರೇ ತಿಂದು ಹಾಕಿದ್ದಾರೆ." ತಿನ್ನುವವರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಈ ಮಾತನ್ನು ಅತಿ ಗಟ್ಟಿಯಾಗಿ ಆಡುವವರು ಯಾರು ಎಂದು ಸ್ವಲ್ಪ ಗಮನಿಸಿ. ಒಂದು ಕೋಣೆಯಲ್ಲಿ ಐದು ಜನ ಮಲಗುವ ಮಿಲ್ಲಿನ ಕಾರ್ಮಿಕನಲ್ಲ. ಎಂಟಡಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರುವ ಚಿಲ್ಲರೆ ವರ್ತಕನೂ ಅಲ್ಲ. ಸಾಲು ಮಳಿಗೆ ಕಟ್ಟಿಸಿ ಬಾಡಿಗೆ ಎಣಿಸುವವರು ಅದನ್ನು ಮೊದಲು ಆಡುತ್ತಾರೆ. ಉಳಿದವರು ತಮ್ಮದೇ ಮಾತೆಂಬಂತೆ ಹಿಂದಿನಿಂದ ಆಡುತ್ತಾರೆ. ಚುನಾವಣೆ ಬಂದಾಗ "ಕಂದಾಯ ಇಳಿಸುತ್ತೇವೆ" ಎಂಬ ಘೋಷಣೆ ಹುಟ್ಟುವುದು ಹೀಗೆ.

ಊರು ಊರನ್ನು ಹೋಲಿಸಬಾರದೆಂದು ನಾವು ಹೇಳುತ್ತಿಲ್ಲ. ಹೋಲಿಸಲೇಬೇಕು. ಆದರೆ ತಕ್ಕಡಿ ಸರಿಯಾಗಿರಬೇಕು. ಅಂಗಡಿಯವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಒಂದು ಪುರಸಭೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಬೇಕಾದರೆ ಮೂರು ಪ್ರಶ್ನೆ ಕೇಳಬೇಕು. ಕಂದಾಯದ ದರ ಎಷ್ಟು ಎಂಬುದರ ಜೊತೆಗೆ, ಆ ದರಕ್ಕೆ ಹುಟ್ಟುವ ಹಣ ಎಷ್ಟು, ಅದು ಯಾರ ಹೆಗಲಿನಿಂದ ಇಳಿಯುತ್ತದೆ? ಸಾಲ ಎಷ್ಟು ಎಂಬುದರ ಜೊತೆಗೆ, ಆ ಸಾಲದಿಂದ ಏನು ಬಂತು? ಖರ್ಚು ಕಡಿಮೆಯೆಂದರೆ, ಯಾವುದನ್ನು ಕಡಿದು ಕಡಿಮೆ ಮಾಡಿದರು? ಈ ಮೂರನ್ನೂ ಒಟ್ಟಿಗೆ ಕೇಳದವನ ಹೋಲಿಕೆ ಮೋಸದ ಹೋಲಿಕೆ.

ಇದಕ್ಕೆ ಉದಾಹರಣೆಯನ್ನು ನಾವು ಇಂಗ್ಲೆಂಡಿನಿಂದ ತೆಗೆದುಕೊಳ್ಳುತ್ತೇವೆ. ಅದಕ್ಕೆ ಕಾರಣವಿದೆ. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ ಮೇಲೆ ನಮ್ಮ ದೇಶದ ಪುರಸಭೆಗಳು ಬೆಳೆದದ್ದು ಆ ದೇಶದ ಅಚ್ಚಿನಲ್ಲಿಯೇ. ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬಂದೀತೆಂದು ಅಂದಾಜು ಮಾಡಿ ಅದರ ಮೇಲೆ ಕಂದಾಯ ಹಾಕುವ ಪದ್ಧತಿಯೂ ಅಲ್ಲಿನದೇ. ಗುರುವಿನ ಮನೆಯ ಲೆಕ್ಕವನ್ನು ಶಿಷ್ಯ ನೋಡುವುದರಲ್ಲಿ ತಪ್ಪೇನಿಲ್ಲ.

ಒಂದು ಪೆನ್ನಿಯ ಕಥೆ

ಮೊದಲು ಒಂದು ಸಣ್ಣ ಲೆಕ್ಕ. ಎರಡು ಊರುಗಳಿವೆ ಎನ್ನಿ. ಎರಡಕ್ಕೂ ದೀಪ, ನೀರು, ಚರಂಡಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಬೇಕು. ಮೊದಲನೆಯ ಊರಿನ ಎಲ್ಲ ಕಟ್ಟಡಗಳ ಬಾಡಿಗೆ ಅಂದಾಜು ಸೇರಿ ಹತ್ತು ಲಕ್ಷ. ಎರಡನೆಯದರಲ್ಲಿ ತೊಂಬತ್ತು ಲಕ್ಷ. ಮೊದಲನೆಯ ಊರು ರೂಪಾಯಿಗೆ ಹತ್ತು ಪೈಸೆ ಕಂದಾಯ ಹಾಕಬೇಕು. ಎರಡನೆಯ ಊರಿಗೆ ಒಂದು ಪೈಸೆಯ ಮೇಲೆ ಚೂರು ಹಾಕಿದರೆ ಸಾಕು. ಹಾಗಾದರೆ ಎರಡನೆಯ ಊರಿನವರು ಜಾಣರು, ಮೊದಲನೆಯ ಊರಿನವರು ದುಂದುಗಾರರೇ? ಇಬ್ಬರೂ ಖರ್ಚು ಮಾಡಿದ್ದು ಒಂದೇ ಲಕ್ಷ. ಒಂದು ಊರು ಬಡವರದು, ಇನ್ನೊಂದು ಸಿರಿವಂತರದು, ವ್ಯತ್ಯಾಸ ಅಷ್ಟೇ.

ಇದು ಬರಿಯ ಕಲ್ಪನೆಯ ಲೆಕ್ಕವಲ್ಲ. ಲಂಡನ್ ನಗರದ ಪೂರ್ವಕ್ಕೆ ಹಡಗುಕಟ್ಟೆಯ ಬಳಿ ಪಾಪ್ಲರ್ ಎಂಬ ಪುರಸಭೆಯಿತ್ತು. ಅಲ್ಲಿದ್ದವರು ಮೂಟೆ ಹೊರುವವರು, ಕೂಲಿಗಳು, ಇವತ್ತು ಕೆಲಸ ಸಿಕ್ಕರೆ ನಾಳೆ ಇಲ್ಲದವರು. ಪಶ್ಚಿಮಕ್ಕೆ ವೆಸ್ಟ್‌ಮಿನ್‌ಸ್ಟರ್: ಅರಮನೆ, ಪಾರ್ಲಿಮೆಂಟು, ದೊಡ್ಡ ದೊಡ್ಡ ಅಂಗಡಿಗಳು. ಜನಸಂಖ್ಯೆಯಲ್ಲಿ ಎರಡಕ್ಕೂ ಭಾರಿ ಅಂತರವಿರಲಿಲ್ಲ. ಆದರೆ 1921ರಲ್ಲಿ ಬಾಡಿಗೆಯ ಪ್ರತಿ ಪೌಂಡಿಗೆ ಒಂದು ಪೆನ್ನಿ ಕಂದಾಯ ಹಾಕಿದರೆ ಪಾಪ್ಲರಿನಲ್ಲಿ ಹುಟ್ಟುತ್ತಿದ್ದ ಹಣಕ್ಕಿಂತ ವೆಸ್ಟ್‌ಮಿನ್‌ಸ್ಟರಿನಲ್ಲಿ ಸುಮಾರು ಒಂಬತ್ತು ಪಟ್ಟು ಹಣ ಹುಟ್ಟುತ್ತಿತ್ತು. ಯುದ್ಧ ಮುಗಿದು ನಿರುದ್ಯೋಗ ಬೆಳೆದಿತ್ತು. ಕೆಲಸವಿಲ್ಲದವರ ಹೊಟ್ಟೆಗೆ ಅನ್ನ ಹಾಕುವ ಭಾರವನ್ನೂ ಆಯಾ ಪ್ರದೇಶವೇ ಹೊರಬೇಕಾಗಿತ್ತು. ಬಡವರು ಹೆಚ್ಚಿದ್ದಲ್ಲಿ ಖರ್ಚು ಹೆಚ್ಚು, ಆದಾಯ ಕಡಿಮೆ. ಬಡವರೇ ಬಡವರನ್ನು ಸಾಕಬೇಕು ಎಂಬ ನ್ಯಾಯ ಅದು. ಇದರ ಮೇಲೆ ಇಡೀ ಲಂಡನ್ನಿನ ಕೌಂಟಿ ಸಭೆ, ಪೋಲೀಸು ಮುಂತಾದವುಗಳಿಗೂ ಪಾಪ್ಲರ್ ಹಣ ವಸೂಲು ಮಾಡಿ ಕೊಡಬೇಕಾಗಿತ್ತು.

ಆಗ ಪಾಪ್ಲರ್ ಪುರಸಭೆ ಲೇಬರ್ ಪಕ್ಷದ ಕೈಯಲ್ಲಿತ್ತು. ಅದರ ಮುಂದಾಳು ಜಾರ್ಜ್ ಲ್ಯಾನ್ಸ್‌ಬರಿ. ಮೇಲಿನವರಿಗೆ ಸಲ್ಲಬೇಕಾದ ಕಂದಾಯವನ್ನು ನಾವು ವಸೂಲು ಮಾಡುವುದಿಲ್ಲ, ಸಿರಿವಂತ ಪುರಸಭೆಗಳು ನಮ್ಮ ಭಾರದಲ್ಲಿ ಪಾಲು ತೆಗೆದುಕೊಳ್ಳುವವರೆಗೆ ಇದು ಹೀಗೆಯೇ ಎಂದು ಅವರು ನಿರ್ಣಯ ಮಾಡಿದರು. ಕೋರ್ಟು ಆಜ್ಞೆ ಮಾಡಿತು, ಅವರು ಬಗ್ಗಲಿಲ್ಲ. 1921ರ ಸೆಪ್ಟೆಂಬರಿನಲ್ಲಿ ಮೂವತ್ತು ಮಂದಿ ಸದಸ್ಯರು ಸೆರೆಮನೆಗೆ ಹೋದರು. ಅವರಲ್ಲಿ ಐವರು ಹೆಂಗಸರು, ಒಬ್ಬಾಕೆ ಗರ್ಭಿಣಿ. ಪುರಸಭೆಯ ಕಲಾಪವನ್ನು ಸೆರೆಮನೆಯಲ್ಲಿಯೇ ನಡೆಸಿದರು. ಲ್ಯಾನ್ಸ್‌ಬರಿ ಕಿಟಕಿಯ ಸರಳುಗಳ ಹಿಂದೆ ನಿಂತು ಹೊರಗಿನ ಜನರಿಗೆ ಭಾಷಣ ಮಾಡಿದರು. ಆರು ವಾರ ಕಳೆದ ಮೇಲೆ ಬಿಡುಗಡೆಯಾಯಿತು. ಅದೇ ವರ್ಷ ಪಾರ್ಲಿಮೆಂಟು ಕಾನೂನು ಮಾಡಿ, ಬಡವರ ಪರಿಹಾರದ ವೆಚ್ಚವನ್ನು ಲಂಡನ್ನಿನ ಎಲ್ಲ ಪುರಸಭೆಗಳ ಮೇಲೂ ಹಂಚಬೇಕಾಯಿತು. ಸೆರೆಗೆ ಹೋಗಿದ್ದವರಲ್ಲಿ ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿ ಒಬ್ಬರು. ಆಕೆ 1922ರ ಜನವರಿ 1ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹಳೆಯ ಕಥೆ ಎನ್ನಬೇಡಿ. 2024-25ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮಧ್ಯಮ ದರ್ಜೆಯ ಮನೆಗೆ ವರ್ಷದ ತೆರಿಗೆ ಸಾವಿರ ಪೌಂಡಿಗೂ ಕಡಿಮೆ. ನಾಟಿಂಗ್‌ಹ್ಯಾಮ್ ನಗರದಲ್ಲಿ ಅದೇ ದರ್ಜೆಯ ಮನೆಗೆ ಸುಮಾರು ಎರಡೂವರೆ ಸಾವಿರ. ವೆಸ್ಟ್‌ಮಿನ್‌ಸ್ಟರಿಗೆ ಬೆಲೆಬಾಳುವ ಮನೆಗಳಿವೆ. ವಾಹನ ನಿಲ್ಲಿಸುವ ಶುಲ್ಕದಂಥ ಬೇರೆ ಹುಟ್ಟುವಳಿಯೂ ಇದೆ. ನೂರು ವರ್ಷದಲ್ಲಿ ಹೆಸರು ಬದಲಾಗಿದೆ, ಲೆಕ್ಕ ಬದಲಾಗಿಲ್ಲ.

ಯಾರ ಹೆಗಲು?

ದರವನ್ನು ನೋಡಿದ ಮೇಲೆ ಅದು ಯಾರ ಮೇಲೆ ಬೀಳುತ್ತದೆ ನೋಡಬೇಕು. ಇಂಗ್ಲೆಂಡಿನಲ್ಲಿ 1993ರಿಂದ ಮನೆಗಳನ್ನು ಎಂಟು ದರ್ಜೆ ಮಾಡಿ ತೆರಿಗೆ ಹಾಕುತ್ತಾರೆ. ಆ ದರ್ಜೆಗಳಿಗೆ 1991ರ ಬೆಲೆಯೇ ಆಧಾರ. ಆಗ ನಾಲ್ವತ್ತು ಸಾವಿರ ಪೌಂಡಿನವರೆಗೆ ಬಾಳುತ್ತಿದ್ದ ಮನೆ ಕೆಳಗಿನ ದರ್ಜೆ. ಮೂರು ಲಕ್ಷ ಇಪ್ಪತ್ತು ಸಾವಿರ ದಾಟಿದ್ದೆಲ್ಲ ಮೇಲಿನ ದರ್ಜೆ. ಮೇಲಿನ ಮನೆಯ ಬೆಲೆ ಎಂಟು ಪಟ್ಟು ಇರಬಹುದು, ಎಂಬತ್ತು ಪಟ್ಟು ಇರಬಹುದು. ತೆರಿಗೆ ಮಾತ್ರ ಕೆಳಗಿನ ಮನೆಯ ಮೂರು ಪಟ್ಟು, ಅಷ್ಟೇ. ಹೀಗಾಗಿ ವೆಸ್ಟ್‌ಮಿನ್‌ಸ್ಟರಿನ ಅರಮನೆಯಂಥ ಬಂಗಲೆಗಿಂತ ನಾಟಿಂಗ್‌ಹ್ಯಾಮಿನಲ್ಲಿ ಮಧ್ಯಮ ದರ್ಜೆಗೂ ಒಂದು ಮೆಟ್ಟಿಲು ಕೆಳಗಿನ ಮನೆಯವರು ಹೆಚ್ಚು ತೆರಿಗೆ ಕೊಡುತ್ತಾರೆ. ಅದೂ ಮನೆಯ ಒಡೆಯನಲ್ಲ, ವಾಸವಾಗಿರುವ ಬಾಡಿಗೆದಾರನೇ ಸಾಮಾನ್ಯವಾಗಿ ಕೊಡಬೇಕು.

ಇದಕ್ಕೆ ಮೊದಲು ಇದ್ದದ್ದು ಇನ್ನೂ ಕೆಟ್ಟದ್ದು. 1990ರಲ್ಲಿ ಮಾರ್ಗರೆಟ್ ಥ್ಯಾಚರರ ಸರ್ಕಾರ ಮನೆಯ ಬೆಲೆ ನೋಡದೆ ತಲೆಗಿಷ್ಟು ಎಂದು ತೆರಿಗೆ ಹಾಕಿತು. ಸ್ಕಾಟ್ಲೆಂಡಿನಲ್ಲಿ ಒಂದು ವರ್ಷ ಮೊದಲೇ ಹಾಕಿತ್ತು. ಜಮೀನ್ದಾರನಿಗೂ ಅವನ ತೋಟದ ಮಾಲಿಗೂ ಒಂದೇ. ಜನ ಕೊಡಲು ಒಪ್ಪಲಿಲ್ಲ. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ದೊಡ್ಡ ಗಲಭೆಯೇ ಆಯಿತು. ಆ ವರ್ಷದ ನವೆಂಬರಿನಲ್ಲಿ ಥ್ಯಾಚರ್ ಅಧಿಕಾರ ಬಿಟ್ಟರು. ಆ ತೆರಿಗೆಯೂ 1993ರಲ್ಲಿ ಹೋಯಿತು.

ನಮ್ಮಲ್ಲಿ ಕಂದಾಯ ಕಟ್ಟುವವನು ಮನೆಯ ಒಡೆಯನೆಂಬುದು ಕಾಗದದ ಮಾತು. ಕಂದಾಯ ಏರಿದ ತಿಂಗಳೇ ಬಾಡಿಗೆ ಏರುತ್ತದೆ. ಇಳಿದಾಗ ಬಾಡಿಗೆ ಇಳಿದದ್ದನ್ನು ನಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ಆದ್ದರಿಂದ ಬಾಡಿಗೆದಾರನಿಗೆ ಬೇಕಾದ ನ್ಯಾಯ ದೊಡ್ಡ ಕಟ್ಟಡದ ಮೇಲೆ ದೊಡ್ಡ ಕಂದಾಯ, ಸಣ್ಣದರ ಮೇಲೆ ಸಣ್ಣದು. ಎಲ್ಲರಿಗೂ ಒಂದೇ ಸಮನೆ ಇಳಿಸಿದರೆ ಹೆಚ್ಚು ಉಳಿಯುವುದು ಹೆಚ್ಚು ಇರುವವನಿಗೆ.

ಎರಡು ಬಗೆಯ ಸಾಲ

ಇನ್ನು ಸಾಲದ ಮಾತು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಮಗ್ಗ ಕೊಳ್ಳಲು ಮಾಡಿದ ಸಾಲವೂ ಮದುವೆಯ ಪಟಾಕಿಗೆ ಮಾಡಿದ ಸಾಲವೂ ಒಂದೇ ಎಂದು ಯಾವ ನೇಕಾರನೂ ಹೇಳುವುದಿಲ್ಲ.

ಬರ್ಮಿಂಗ್‌ಹ್ಯಾಮ್ ನಗರವನ್ನೇ ನೋಡಿ. 1873ರಿಂದ 1876ರವರೆಗೆ ಅಲ್ಲಿ ಮೇಯರ್ ಆಗಿದ್ದವರು ಜೋಸೆಫ್ ಚೇಂಬರ್ಲೇನ್. ಅವರು ಸಮಾಜವಾದಿಯಲ್ಲ, ಸ್ಕ್ರೂ ತಯಾರಿಸುವ ಕಾರ್ಖಾನೆಯ ಪಾಲುದಾರ. ಅವರು 1875ರಲ್ಲಿ ಖಾಸಗಿ ಕಂಪೆನಿಗಳ ಕೈಯಲ್ಲಿದ್ದ ಗ್ಯಾಸ್ ಕಾರ್ಖಾನೆಗಳನ್ನು ಸುಮಾರು ಇಪ್ಪತ್ತು ಲಕ್ಷ ಪೌಂಡಿಗೆ ನಗರಸಭೆಗೆ ಕೊಂಡರು. ಮರು ವರ್ಷ ನೀರಿನ ಕಂಪೆನಿಯನ್ನೂ ಕೊಂಡರು. ಆ ಕಾಲಕ್ಕೆ ಅದು ಎದೆ ನಡುಗಿಸುವ ಸಾಲ. ಆದರೆ ಗ್ಯಾಸ್ ಮಾರಾಟದಿಂದ ಬಡ್ಡಿ ಕಳೆದು ಲಾಭ ಉಳಿಯಿತು. ಅದು ಊರಿನ ಬೊಕ್ಕಸಕ್ಕೆ ಬಂತು, ಗ್ಯಾಸಿನ ಬೆಲೆಯೂ ಇಳಿಯಿತು. ನೀರಿನಿಂದ ಮಾತ್ರ ಲಾಭ ಮಾಡಕೂಡದು, ಅದು ಜನರ ಆರೋಗ್ಯಕ್ಕೆ ಬೇಕಾದ್ದು ಎಂದು ಚೇಂಬರ್ಲೇನರೇ ವಾದಿಸಿದರು. 1949ರಲ್ಲಿ ಗ್ಯಾಸ್ ರಾಷ್ಟ್ರೀಕರಣವಾಗುವವರೆಗೂ ಆ ಉದ್ಯಮ ನಗರದ ಸ್ವತ್ತಾಗಿತ್ತು.

ಈಗ ವೋಕಿಂಗ್ ಎಂಬ ಊರನ್ನು ನೋಡಿ. ಲಂಡನ್ನಿನ ಹತ್ತಿರ, ಸುಮಾರು ಒಂದು ಲಕ್ಷ ಜನ. ಅದರ ಕೌನ್ಸಿಲು ಸರ್ಕಾರದ ಸಾಲದ ಮಂಡಳಿಯಿಂದ ಅಗ್ಗದ ಬಡ್ಡಿಗೆ ಹಣ ತಂದು ಗಗನಚುಂಬಿ ಮನೆಗಳು, ಹೋಟೆಲು, ಅಂಗಡಿ ಸಂಕೀರ್ಣಗಳಿಗೆ ಸುರಿಯಿತು. ಬಾಡಿಗೆ ಬರುತ್ತದೆ, ತೆರಿಗೆ ಏರಿಸದೆ ಊರು ನಡೆಸಬಹುದು ಎಂಬ ಆಸೆ. 2023ರ ಜೂನಿನಲ್ಲಿ ಲೆಕ್ಕ ಬಯಲಾಯಿತು. ವರ್ಷಕ್ಕೆ ಸುಮಾರು ಒಂದು ಕೋಟಿ ಅರವತ್ತು ಲಕ್ಷ ಪೌಂಡಿನ ಆಯವ್ಯಯದ ಕೌನ್ಸಿಲಿಗೆ ನೂರೆಂಬತ್ತು ಕೋಟಿ ಪೌಂಡಿಗೂ ಮಿಗಿಲಾದ ಸಾಲ! ವರ್ಷಕ್ಕೆ ಒಂದು ಲಕ್ಷ ರೂಪಾಯಿಯಲ್ಲಿ ಬದುಕುವ ಸಂಸಾರ ಒಂದು ಕೋಟಿ ಹನ್ನೆರಡು ಲಕ್ಷ ಸಾಲ ಹೊತ್ತ ಹಾಗೆ. ಅಲ್ಲಿನ ಕಾನೂನಿನ ಪ್ರಕಾರ ಹಣಕಾಸಿನ ಅಧಿಕಾರಿ "ಇನ್ನು ಹೊಸ ಖರ್ಚು ಸಲ್ಲದು" ಎಂದು ನೋಟೀಸು ಹೊರಡಿಸಬೇಕಾಯಿತು. ಇದಕ್ಕೆ ಆರು ತಿಂಗಳು ಮೊದಲು, 2022ರ ಡಿಸೆಂಬರಿನಲ್ಲಿ, ಥರಕ್ ಎಂಬ ಕೌನ್ಸಿಲಿನಲ್ಲಿಯೂ ಇದೇ ಆಗಿತ್ತು. ಅದು ಸಾಲ ತಂದ ಹಣವನ್ನು ಊರಿನ ಹೊರಗೆಲ್ಲೋ ಇರುವ ಸೌರ ವಿದ್ಯುತ್ತಿನ ವ್ಯವಹಾರದಲ್ಲಿ ಹೂಡಿ ಕಳೆದುಕೊಂಡಿತ್ತು. ತೀರಿಸಿದವರು ಯಾರು? 2023-24ರಲ್ಲಿ ಥರಕಿನ ಜನರ ತೆರಿಗೆ ನೂರಕ್ಕೆ ಸುಮಾರು ಹತ್ತು ಏರಿತು. ಇಂಥದೇ ಸ್ಥಿತಿಗೆ ಬಂದ ಕ್ರಾಯ್ಡನಿನಲ್ಲಿ ನೂರಕ್ಕೆ ಸುಮಾರು ಹದಿನೈದು.

ನಮ್ಮವರ ತಪ್ಪನ್ನೂ ಮುಚ್ಚಬಾರದು. ನಾಟಿಂಗ್‌ಹ್ಯಾಮಿನ ಲೇಬರ್ ಆಡಳಿತ 2015ರಲ್ಲಿ ಜನರಿಗೆ ಅಗ್ಗದ ವಿದ್ಯುತ್ ಕೊಡಲೆಂದು ನಗರಸಭೆಯದೇ ಕಂಪೆನಿ ತೆರೆಯಿತು. ಉದ್ದೇಶ ಒಳ್ಳೆಯದು. ಆದರೆ ವಿದ್ಯುತ್ತನ್ನು ತಯಾರಿಸದೆ, ಕೊಂಡು ಮಾರುವ ಪೈಪೋಟಿಗೆ ಇಳಿಯಿತು. ಲೆಕ್ಕವನ್ನು ಬಿಗಿಯಾಗಿ ನೋಡಿಕೊಳ್ಳಲಿಲ್ಲ. 2020ರಲ್ಲಿ ಕಂಪೆನಿ ಮುಚ್ಚಿದಾಗ ನಷ್ಟ ಸುಮಾರು ಮೂರು ಕೋಟಿ ಎಂಬತ್ತು ಲಕ್ಷ ಪೌಂಡು. ಸಮಾಜದ ಒಡೆತನ ಎಂದ ಮಾತ್ರಕ್ಕೆ ಲೆಕ್ಕ ತಾನಾಗಿ ಸರಿಹೋಗುವುದಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕು.

ಹಾಗಾದರೆ ಸಾಲವನ್ನು ಅಳೆಯುವುದು ಹೇಗೆ? ಆ ಸಾಲ ಊರಿನ ಜನರಿಗೆ ದಿನವೂ ಬೇಕಾದದ್ದನ್ನು ತಂದಿತೇ? ಅದು ಬಾಳುವಷ್ಟು ಕಾಲದೊಳಗೆ ಕಂತು ತೀರುತ್ತದೆಯೇ? ಅದರ ಕಾಗದಪತ್ರ ಎಲ್ಲ ಸದಸ್ಯರ ಕಣ್ಣಿಗೂ ಬಿದ್ದಿದೆಯೇ? ಈ ಮೂರಕ್ಕೂ ಹೌದು ಎನ್ನುವ ಸಾಲ ಮಗ್ಗದ ಸಾಲ. ಉಳಿದದ್ದು ಪಟಾಕಿಯ ಸಾಲ.

ಮಿತವ್ಯಯ ಯಾರ ಬೆವರಿನಿಂದ?

ಮೂರನೆಯದು ಖರ್ಚಿನ ದಕ್ಷತೆ. ಒಂದು ಗಾಡಿ ಕಸ ಎತ್ತಲು ಈ ಊರಿಗೆ ನೂರು ರೂಪಾಯಿ, ಆ ಊರಿಗೆ ಎಪ್ಪತ್ತು ಎಂದು ಪಟ್ಟಿ ತೋರಿಸುವವರಿದ್ದಾರೆ. ಆ ಮೂವತ್ತು ಹೇಗೆ ಉಳಿಯಿತು? ಒಳ್ಳೆಯ ಗಾಡಿಯಿಂದ, ಸರಿಯಾದ ದಾರಿಯಿಂದ, ಲಂಚವಿಲ್ಲದ ಟೆಂಡರಿನಿಂದ ಉಳಿದರೆ ಅದು ದಕ್ಷತೆ. ನಾವು ಅದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಕಸ ಎತ್ತುವವಳ ಕೂಲಿಯನ್ನು, ರಜೆಯನ್ನು, ಕೈಗವಸನ್ನು ಕಿತ್ತುಕೊಂಡು ಉಳಿಸಿದ್ದರೆ ಅದು ಕಳ್ಳತನ. ಪಟ್ಟಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಪಾಪ್ಲರ್ ಪುರಸಭೆ 1920ರಲ್ಲಿ ತನ್ನ ಕೆಲಸಗಾರರಿಗೆ, ಗಂಡಿಗೂ ಹೆಣ್ಣಿಗೂ ಸಮನಾಗಿ, ವಾರಕ್ಕೆ ಕಡಮೆಯೆಂದರೆ ನಾಲ್ಕು ಪೌಂಡು ಕೊಡಲು ನಿರ್ಧರಿಸಿತು. ಲೆಕ್ಕ ತನಿಖೆಯವರು ಇದು ದುಂದು ಎಂದರು. 1925ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಭುಗಳ ಸಭೆಯೂ ಅದನ್ನೇ ಎತ್ತಿ ಹಿಡಿಯಿತು. ಎಂಬತ್ತೇಳು ವರ್ಷದ ನಂತರ ಏನಾಯಿತು? ಬರ್ಮಿಂಗ್‌ಹ್ಯಾಮ್ ನಗರಸಭೆ ಗಂಡಸರು ಮಾಡುವ ಕಸದ ಕೆಲಸಕ್ಕೆ ಬೋನಸು ಕೊಟ್ಟು, ಅಷ್ಟೇ ಬೆಲೆಯ ಅಡಿಗೆ, ಗುಡಿಸುವ, ಆರೈಕೆಯ ಕೆಲಸ ಮಾಡುವ ಹೆಂಗಸರಿಗೆ ಕೊಡದೆ ವರ್ಷಗಟ್ಟಲೆ "ಉಳಿತಾಯ" ಮಾಡಿತ್ತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹೆಂಗಸರ ಪರ ತೀರ್ಪು ಕೊಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ಆ ಬಾಕಿಗೆಂದು ಸುಮಾರು ನೂರಹತ್ತು ಕೋಟಿ ಪೌಂಡು ಕೊಡಬೇಕಾಯಿತು. ಇನ್ನೂ ಬಾಕಿ ಉಳಿಯಿತು. ಲೆಕ್ಕಪತ್ರಕ್ಕೆಂದು ತಂದ ಗಣಕಯಂತ್ರ ವ್ಯವಸ್ಥೆಗೆ ಒಂದು ಕೋಟಿ ತೊಂಬತ್ತು ಲಕ್ಷ ಪೌಂಡು ಅಂದಾಜು ಮಾಡಿದ್ದರು. ಅದು ಹತ್ತು ಕೋಟಿಯನ್ನೂ ಮೀರುವಂತಾಯಿತು. 2010ರ ನಂತರದ ಹತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಕೌನ್ಸಿಲುಗಳಿಗೆ ಸರ್ಕಾರದ ಅನುದಾನವೂ ಬೆಲೆಯೇರಿಕೆ ಕಳೆದು ನೂರಕ್ಕೆ ಸುಮಾರು ನಾಲ್ವತ್ತು ಇಳಿದಿತ್ತು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಕೈಯೆತ್ತಿತು. ಚೇಂಬರ್ಲೇನರ ಊರೇ ಅದು! 2024-25ರಲ್ಲಿ ಜನರ ತೆರಿಗೆ ನೂರಕ್ಕೆ ಸುಮಾರು ಹತ್ತು ಏರಿತು. ಕಸದ ಗಾಡಿಯ ಕೆಲಸಗಾರರ ಹುದ್ದೆ, ಸಂಬಳಕ್ಕೆ ಕತ್ತರಿ ಹಾಕಹೋಗಿ 2025ರ ಮಾರ್ಚ್ 11ರಿಂದ ಅನಿರ್ದಿಷ್ಟ ಮುಷ್ಕರವನ್ನೂ ತಂದುಕೊಂಡರು. ಬೀದಿಗಳಲ್ಲಿ ಕಸದ ಗುಡ್ಡೆ ಬೆಳೆಯಿತು. ಬಡವರ ಕೂಲಿಯಲ್ಲಿ ಕದ್ದ ಉಳಿತಾಯ ಕೊನೆಗೆ ಬಡ್ಡಿ ಸಮೇತ ಊರಿನ ಬಾಗಿಲಿಗೇ ಬರುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕಿಂತ ಕ್ರೂರವಾದ ಮಿತವ್ಯಯವಿತ್ತು. ಒಳಚರಂಡಿ ಕಟ್ಟಿಸುವುದಕ್ಕಿಂತ ಮನುಷ್ಯನ ತಲೆಯ ಮೇಲೆ ಮಲದ ಬುಟ್ಟಿ ಹೊರಿಸುವುದು ಪುರಸಭೆಗಳಿಗೆ ಅಗ್ಗವಾಗಿತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಖರ್ಚಿನ ಪಟ್ಟಿಯನ್ನು ಮಾತ್ರ ನೋಡುವವನಿಗೆ ಅದು ದುಬಾರಿ ಕೆಲಸ. ಮನುಷ್ಯನನ್ನು ನೋಡುವವನಿಗೆ ಪುರಸಭೆಯ ಮೊದಲ ಕೆಲಸ.

ನಾವು ಮಾಡಬೇಕಾದ್ದು

ಮಿತ್ರರೇ, ನಮ್ಮ ಊರಿಗೆ ಬರೋಣ. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಯಿತು. ವರ್ತಕರಿಗೆ ನಾಕಾ ಕಟ್ಟೆಯ ಕಾಟ ತಪ್ಪಿತು, ಒಳ್ಳೆಯದೇ. ಆದರೆ ಅಂದಿನಿಂದ ಪುರಸಭೆಯ ಸ್ವಂತ ಆದಾಯದಲ್ಲಿ ಮುಖ್ಯವಾಗಿ ಉಳಿದದ್ದು ಆಸ್ತಿಯ ಮೇಲಿನ ತೆರಿಗೆ. ಉಳಿದುದಕ್ಕೆ ಸರ್ಕಾರದ ಅನುದಾನದ ಕಡೆ ಕೈ ಚಾಚಬೇಕು. 2002-03ರಿಂದ ನಮ್ಮ ಪುರಸಭೆಗಳಲ್ಲಿ ಆಸ್ತಿಯ ಒಡೆಯನೇ ಅಳತೆ ಬರೆದು, ತೆರಿಗೆ ಎಣಿಸಿ ಕಟ್ಟುವ ಪದ್ಧತಿ ಬಂದಿದೆ. ಒಂದಂಕಣದ ಮನೆಯವನಿಗೆ ಅಡಗಿಸಲು ಏನೂ ಇಲ್ಲ. ಮೂರಂತಸ್ತಿನವನು ಒಂದು ಅಂತಸ್ತನ್ನು ಬರೆಯಲು ಮರೆತರೆ, ಮಳಿಗೆಯನ್ನು ವಾಸದ ಮನೆಯೆಂದು ಬರೆದರೆ, ಹೋಗಿ ಅಳೆದು ನೋಡುವವರು ಯಾರು? ದರ ಏರಿಸುವ ಮಾತಿಗೆ ಮೊದಲು ಈ ಅಳತೆ ಆಗಬೇಕು. ತಪ್ಪಿಸಿಕೊಂಡವರಿಂದ ವಸೂಲಾದರೆ, ನಿಯತ್ತಿನಿಂದ ಕಟ್ಟುವವರ ಮೇಲಿನ ಭಾರ ಏರಿಸುವ ಅಗತ್ಯವೂ ಕಡಿಮೆಯಾಗುತ್ತದೆ.

ಆದ್ದರಿಂದ ಈ ಸಲ ಆಯವ್ಯಯದ ಕಾಲ ಬರುವ ಮೊದಲೇ ನಾವು ಮೂರು ಕೆಲಸ ಮಾಡೋಣ. ಒಂದು, ನಮ್ಮ ಊರಿನ ಮತ್ತು ಸರಿಸುಮಾರು ಅಷ್ಟೇ ದೊಡ್ಡದಾದ ಇನ್ನೆರಡು ಊರುಗಳ ಜಮಾಖರ್ಚು, ಸಾಲ, ಲೆಕ್ಕ ತನಿಖೆಯ ವರದಿಗಳನ್ನು ತರಿಸೋಣ. 2005ರ ಮಾಹಿತಿ ಹಕ್ಕಿನ ಕಾನೂನು ನಮ್ಮ ಕೈಯಲ್ಲಿದೆ. ಅರ್ಜಿಗೆ ಹತ್ತು ರೂಪಾಯಿ. ಎರಡು, ಆಸ್ತಿ ತೆರಿಗೆಯ ದೊಡ್ಡ ಬಾಕಿದಾರರ ಪಟ್ಟಿಯನ್ನು ಪುರಸಭೆಯ ಬಾಗಿಲಲ್ಲಿ ಹಚ್ಚಬೇಕೆಂದು ಒತ್ತಾಯ ಮಾಡೋಣ. ಮೂರು, ಕಸ ಎತ್ತುವ ಕೆಲಸವನ್ನು ಗುತ್ತಿಗೆಗೆ ಕೊಟ್ಟು ಇಷ್ಟು ಉಳಿಸಿದೆವು ಎಂದು ಯಾರಾದರೂ ಹೇಳಿದರೆ, ಕೆಲಸಗಾರರ ಸಂಬಳದ ಪಟ್ಟಿಯನ್ನು ಮೇಜಿನ ಮೇಲೆ ಇಡಿಸೋಣ.

ಮಿಲ್ಲಿನವರೂ ಅಂಗಡಿಯವರೂ ಬೇರೆ ಬೇರೆ ನಿಂತರೆ ಈ ಕೆಲಸ ಆಗದು. ಅಂಗಡಿಯವರಿಗೆ ಕಂದಾಯ ಇಳಿಸುವ ಆಸೆ ತೋರಿಸಿ, ಮಿಲ್ಲಿನವರಿಗೆ ನಲ್ಲಿಯ ಆಸೆ ತೋರಿಸಿ ನಮ್ಮನ್ನು ಒಡೆಯುವುದು ಸುಲಭ. ಆದರೆ ನಲ್ಲಿ ಬತ್ತಿದರೆ ಇಬ್ಬರ ಮನೆಯಲ್ಲೂ ಕೊಡ ಬರಿದು. ಚರಂಡಿ ಕಟ್ಟಿದರೆ ಇಬ್ಬರ ಮಕ್ಕಳಿಗೂ ಜ್ವರ.

ಮುಂದಿನ ಸಲ ಯಾರಾದರೂ "ಪಕ್ಕದ ಊರಿನಲ್ಲಿ ಕಂದಾಯ ಕಡಿಮೆ" ಎಂದಾಗ ಜಗಳಕ್ಕೆ ಹೋಗಬೇಡಿ. "ಅಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಸಾಲ ಎಷ್ಟಿದೆ, ಏತಕ್ಕೆ? ಕಸ ಗುಡಿಸುವವಳಿಗೆ ಸಂಬಳ ಎಷ್ಟು?" ಎಂದು ಸಾವಧಾನವಾಗಿ ಕೇಳಿ. ಉತ್ತರ ಗೊತ್ತಿದ್ದರೆ ಅವರಿಂದ ನಾವು ಕಲಿಯೋಣ. ಗೊತ್ತಿಲ್ಲದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಒಟ್ಟಿಗೆ ಹೋಗಿ ಲೆಕ್ಕ ಕೇಳೋಣ.